ಮಂಗನಬಾವು: ತಿಳಿಯೋಣ, ತಡೆಯೋಣ

ಮಕ್ಕಳಿಗೆ ಬರುವ ಕಾಯಿಲೆಗಳಲ್ಲಿ ಜನರು ಅಷ್ಟಾಗಿ ಹೆದರದ ಕಾಯಿಲೆ ಮಂಗನಬಾವು. ಕರಾವಳಿಯ ನಾವು ಇದನ್ನು ಕೆಪ್ಪಟ್ರಾಯ ಎಂದು ಕರೆಯುತ್ತೇವೆ. ಘಟ್ಟದ ಆಚೆ, ಕಲಬುರಗಿಯ ಕಡೆಯವರಿಗೆ ಗದ್ದಬಾವು ಎಂದರೆ ಬೇಗ ತಿಳಿಯುತ್ತದೆ. ‘ಎಲ್ಲ ಮಕ್ಕಳಿಗೂ ಬರುವಂಥದ್ದೇ, ಒಂದು ವಾರದಲ್ಲಿ ತಾನಾಗಿ ಇಳಿಯುತ್ತದೆ’ ಎಂಬುದು ಹಿರಿಯರ ಮಾತು. ಈ ಮಾತು ಬಹುಪಾಲು ನಿಜ. ಆದರೆ ಪೂರ್ತಿ ನಿಜವಲ್ಲ. ಅಪರೂಪಕ್ಕೆ ಈ ಬಾವು ಇಳಿಯುವಾಗ ಒಂದು ಕಿವಿಯ ಶ್ರವಣಶಕ್ತಿಯನ್ನೇ ಕಸಿದುಕೊಂಡು ಹೋಗುತ್ತದೆ. ಕೆಲವರಲ್ಲಿ ಮಿದುಳಿನ ಪೊರೆಗೆ, ಪ್ರಾಯಕ್ಕೆ ಬಂದ ಗಂಡುಮಕ್ಕಳಲ್ಲಿ ವೃಷಣಕ್ಕೆ ತಗಲುತ್ತದೆ. ಹೀಗಿದ್ದರೂ ನಮ್ಮ ದೇಶದ ಸರ್ಕಾರಿ ಲಸಿಕೆಯ ಪಟ್ಟಿಯಲ್ಲಿ ಮಂಗನಬಾವಿನ ಲಸಿಕೆ ಇಲ್ಲ. ಈ ವಿಷಯ ಅನೇಕ ತಂದೆತಾಯಿಯರಿಗೆ ಗೊತ್ತೇ ಇಲ್ಲ. ಆದ್ದರಿಂದ ಈ ಬಗ್ಗೆ ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಆಳಂದ, ಅಫಜಲಪುರ, ಜೇವರ್ಗಿಯ ಮಾತು ಏಕೆ?

ಕಲಬುರಗಿ ಜಿಲ್ಲೆಯ ಈ ಮೂರು ತಾಲೂಕುಗಳು ನಮ್ಮಿಂದ ದೂರದಲ್ಲಿದ್ದರೂ ನಮಗೆ ಅಪರಿಚಿತವಲ್ಲ. ಕಲಬುರಗಿ ಭಾಗಕ್ಕಾಗಿ 2005ರಲ್ಲಿ ಪ್ರತ್ಯೇಕ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಕರಾವಳಿಯಿಂದ ಹೋದ ಧರ್ಮಗುರುಗಳು, ಧರ್ಮಭಗಿನಿಯರು ಆ ಭಾಗದ ಶಾಲೆ, ವಸತಿನಿಲಯ, ಚಿಕಿತ್ಸಾಲಯಗಳಲ್ಲಿ ದುಡಿಯುತ್ತಿದ್ದಾರೆ. ಇನ್ನೊಂದು ಕಡೆಯಿಂದ ನೋಡಿದರೆ, ಮಂಗಳೂರು, ಉಡುಪಿಯ ಕಟ್ಟಡ ಕೆಲಸ, ರಸ್ತೆ ಕೆಲಸಕ್ಕೆ ಉತ್ತರ ಕರ್ನಾಟಕದ ಕುಟುಂಬಗಳು ಮಕ್ಕಳುಮರಿಯೊಂದಿಗೆ ಬಂದು ನೆಲೆಸಿವೆ. ಅವರ ಮಕ್ಕಳು ನಮ್ಮ ಶಾಲೆಗಳಲ್ಲೇ ನಮ್ಮ ಮಕ್ಕಳ ಪಕ್ಕದ ಬೆಂಚಿನಲ್ಲಿ ಕುಳಿತು ಓದುತ್ತಾರೆ.

ಈ ಮೂರು ತಾಲೂಕುಗಳು ತೊಗರಿಯ ನಾಡು. ಭೀಮಾ ನದಿಯ ದಂಡೆಯಲ್ಲಿ ಕಬ್ಬೂ ಇದೆ. ಅಲ್ಲಿನ ಹಳ್ಳಿಗಳಿಂದ, ತಾಂಡಾಗಳಿಂದ ಜನರು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಆಳಂದ, ಅಫಜಲಪುರದ ಗಡಿ ದಾಟಿದರೆ ಮಹಾರಾಷ್ಟ್ರ. ಅಫಜಲಪುರ ತಾಲೂಕಿನ ಗಾಣಗಾಪುರಕ್ಕೆ ವರ್ಷವಿಡೀ ಎರಡೂ ರಾಜ್ಯಗಳ ಯಾತ್ರಿಕರು ಬರುತ್ತಾರೆ. ಹೀಗೆ ಜನರ ಓಡಾಟ ಹೆಚ್ಚಿರುವಲ್ಲಿ, ಒಂದೇ ಕೋಣೆಯಲ್ಲಿ ಹಲವು ಮಕ್ಕಳು ಮಲಗುವ ವಸತಿನಿಲಯಗಳಿರುವಲ್ಲಿ, ಗುಳೆಯ ಕಾರಣದಿಂದ ಲಸಿಕೆಯ ದಿನಗಳು ತಪ್ಪುವಲ್ಲಿ ಉಸಿರಿನ ಮೂಲಕ ಹರಡುವ ಯಾವ ರೋಗಕ್ಕಾದರೂ ದಾರಿ ಸುಲಭ. ಮಂಗನಬಾವು ಸಾಮಾನ್ಯವಾಗಿ ಚಳಿಗಾಲದ ಕೊನೆಯಿಂದ ಬೇಸಿಗೆಯ ಆರಂಭದವರೆಗೆ ಹೆಚ್ಚಾಗಿ ಕಾಣಿಸುತ್ತದೆ. ತೊಗರಿ ರಾಶಿಯ ಕೆಲಸ ಮುಗಿದು ಮಕ್ಕಳ ಪರೀಕ್ಷೆ ಹತ್ತಿರ ಬರುವ ಕಾಲವೂ ಅದೇ.

ಹೆಸರಿನ ಗೊಂದಲ ಬೇಡ

ನಮ್ಮ ಭಾಷೆಯಲ್ಲಿ ‘ಮಂಗ’ ಎಂಬ ಹೆಸರು ಸೇರಿಕೊಂಡ ಕಾಯಿಲೆಗಳು ಹಲವು ಇರುವುದರಿಂದ ಗೊಂದಲ ಸಹಜ.

ಮಂಗನ ಕಾಯಿಲೆ ಬೇರೆ. ಅದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಮೊದಲು ಗುರುತಿಸಲ್ಪಟ್ಟ ಜ್ವರ. ಕಾಡಿನ ಉಣ್ಣೆ ಕಚ್ಚುವುದರಿಂದ ಬರುತ್ತದೆ, ಮಂಗಗಳು ಅದರಿಂದ ಸಾಯುತ್ತವೆ. ಮಂಕಿಪಾಕ್ಸ್ ಎಂದು ಸುದ್ದಿಯಾಗಿ, 2022ರಲ್ಲಿ ಎಂಪಾಕ್ಸ್ ಎಂದು ಹೆಸರು ಬದಲಾದ ರೋಗ ಮತ್ತೊಂದು. ಅದರಲ್ಲಿ ಮೈಮೇಲೆ ಗುಳ್ಳೆಗಳು ಏಳುತ್ತವೆ.

ಮಂಗನಬಾವಿಗೂ ಮಂಗಕ್ಕೂ ಯಾವ ಸಂಬಂಧವೂ ಇಲ್ಲ. ಇದು ಮನುಷ್ಯನಿಂದ ಮನುಷ್ಯನಿಗೆ ಮಾತ್ರ ಹರಡುವ ರೋಗ. ಕೆನ್ನೆಯಲ್ಲಿ ಕಡಲೆ ತುಂಬಿಕೊಂಡ ಮಂಗನ ಮುಖದ ಹಾಗೆ ರೋಗಿಯ ಮುಖ ಕಾಣುವುದೇ ಈ ಹೆಸರಿಗೆ ಕಾರಣವಿರಬೇಕು. ಆದ್ದರಿಂದ ಊರಿನಲ್ಲಿ ಮಂಗ ಸತ್ತರೆ ಮಂಗನಬಾವಿನ ಭಯ ಬೇಡ. ಮಗುವಿಗೆ ಮಂಗನಬಾವು ಬಂದರೆ ಮಂಗಗಳನ್ನು ಓಡಿಸಬೇಕಾಗಿಯೂ ಇಲ್ಲ.

ರೋಗ ಏನು, ಹೇಗೆ ಹರಡುತ್ತದೆ?

ಈ ರೋಗ ಬಹಳ ಹಳೆಯದು. ಕ್ರಿಸ್ತಪೂರ್ವ 5ನೇ ಶತಮಾನದಲ್ಲೇ ಗ್ರೀಸಿನ ವೈದ್ಯ ಹಿಪ್ಪೊಕ್ರೇಟಸನ ಹೆಸರಿನಲ್ಲಿರುವ ಬರಹಗಳಲ್ಲಿ ಕಿವಿಯ ಬಳಿಯ ಊತ ಮತ್ತು ವೃಷಣದ ಊತ ಎರಡನ್ನೂ ವರ್ಣಿಸಲಾಗಿದೆ. ಇದಕ್ಕೆ ವೈರಸ್ ಕಾರಣವೆಂದು ಖಚಿತವಾದದ್ದು 1934ರಲ್ಲಿ.

ಕಿವಿಯ ಮುಂದೆ ಮತ್ತು ಕೆಳಗೆ, ದವಡೆಯ ಮೂಲೆಯನ್ನು ಆವರಿಸಿ ಪರೋಟಿಡ್ ಎಂಬ ಜೊಲ್ಲಿನ ಗ್ರಂಥಿ ಇದೆ. ಎರಡೂ ಬದಿಗೆ ಒಂದೊಂದು. ನಾವು ಊಟ ಮಾಡುವಾಗ, ಅದರಲ್ಲೂ ಹುಳಿ ತಿನ್ನುವಾಗ ಬಾಯಲ್ಲಿ ನೀರೂರುವುದು ಇಂಥ ಗ್ರಂಥಿಗಳಿಂದ. ಮಂಗನಬಾವಿನ ವೈರಸ್ ಮೂಗು, ಗಂಟಲಿನ ಮೂಲಕ ದೇಹ ಸೇರಿ, ರಕ್ತದಲ್ಲಿ ಹರಡಿ ಈ ಗ್ರಂಥಿಯಲ್ಲಿ ಬಾವು ಉಂಟುಮಾಡುತ್ತದೆ. ರಕ್ತದಲ್ಲಿ ಹರಡುವುದರಿಂದಲೇ ಅದು ಮಿದುಳಿನ ಪೊರೆ, ಒಳಕಿವಿ, ವೃಷಣ, ಅಂಡಾಶಯ, ಮೇದೋಜೀರಕ ಗ್ರಂಥಿಯನ್ನೂ ಮುಟ್ಟಬಲ್ಲದು. ಗದ್ದದ ಊತ ಕಣ್ಣಿಗೆ ಕಾಣುವ ಭಾಗ ಅಷ್ಟೇ.

ರೋಗಿ ಕೆಮ್ಮಿದಾಗ, ಸೀನಿದಾಗ, ಹತ್ತಿರ ನಿಂತು ಮಾತನಾಡಿದಾಗ ಹಾರುವ ಹನಿಗಳಿಂದ ರೋಗ ಹರಡುತ್ತದೆ. ಒಂದೇ ಲೋಟ, ಒಂದೇ ನೀರಿನ ಬಾಟಲಿ, ಎಂಜಲು ತಿಂಡಿ ಹಂಚಿಕೊಳ್ಳುವುದರಿಂದಲೂ ಹರಡುತ್ತದೆ. ವೈರಸ್ ಸೇರಿದ 16ರಿಂದ 18 ದಿನಗಳಲ್ಲಿ ಸಾಮಾನ್ಯವಾಗಿ ರೋಗ ಕಾಣಿಸುತ್ತದೆ. 12 ದಿನಕ್ಕೂ ಆಗಬಹುದು, 25 ದಿನವೂ ಹಿಡಿಯಬಹುದು. ಊತ ಕಾಣುವುದಕ್ಕೆ ಎರಡು ದಿನ ಮೊದಲಿನಿಂದ ಊತ ಬಂದ ಮೇಲೆ ಐದು ದಿನಗಳವರೆಗೆ ರೋಗಿಯಿಂದ ಇತರರಿಗೆ ಹರಡುವುದು ಹೆಚ್ಚು. ಸೋಂಕು ತಗಲಿದ ಕೆಲವರಿಗೆ ಊತವೇ ಬರುವುದಿಲ್ಲ, ಬರೀ ಶೀತಜ್ವರದಂತೆ ಹೋಗಿಬಿಡುತ್ತದೆ. ಆದರೆ ಅವರಿಂದಲೂ ರೋಗ ಹರಡುತ್ತದೆ. ಒಂದು ಮಗುವಿಗೆ ವಾಸಿಯಾಯಿತು ಎನ್ನುವಾಗ, ಎರಡು ಮೂರು ವಾರ ಬಿಟ್ಟು ಅದೇ ತರಗತಿಯ ಮತ್ತೆ ನಾಲ್ಕು ಮಕ್ಕಳಿಗೆ ಬರುವುದು ಇದೇ ಕಾರಣಕ್ಕೆ.

ಗುರುತಿಸುವುದು ಹೇಗೆ?

ಮೊದಲ ಒಂದೆರಡು ದಿನ ಜ್ವರ, ತಲೆನೋವು, ಮೈಕೈ ನೋವು, ಊಟ ಸೇರದಿರುವುದು. ಆಮೇಲೆ ಕಿವಿಯ ಕೆಳಗೆ ನೋವು, ಊತ. ಅನೇಕರಲ್ಲಿ ಮೊದಲು ಒಂದು ಬದಿ, ಕೆಲವು ದಿನ ಬಿಟ್ಟು ಇನ್ನೊಂದು ಬದಿ ಊದುತ್ತದೆ. ಕೆಲವರಲ್ಲಿ ಒಂದೇ ಬದಿಗೆ ನಿಲ್ಲುತ್ತದೆ. ಊತದಿಂದ ದವಡೆಯ ಮೂಲೆ ಮರೆಯಾಗುತ್ತದೆ. ಕಿವಿಯ ಹಾಲೆ ಮೇಲಕ್ಕೆ, ಹೊರಕ್ಕೆ ತಳ್ಳಲ್ಪಟ್ಟಂತೆ ಕಾಣುತ್ತದೆ. ಅಗಿಯುವಾಗ, ಹುಳಿ ತಿಂದಾಗ ನೋವು ಹೆಚ್ಚುತ್ತದೆ. ಒಂದು ವಾರ ಹತ್ತು ದಿನಗಳಲ್ಲಿ ಊತ ಇಳಿಯುತ್ತದೆ.

ಗದ್ದ, ಕುತ್ತಿಗೆ ಊದಿದ್ದೆಲ್ಲ ಮಂಗನಬಾವಲ್ಲ. ಹುಳುಕು ಹಲ್ಲಿನ ಕೀವಿನಿಂದ, ಟಾನ್ಸಿಲ್ ಸೋಂಕಿನಿಂದ ಏಳುವ ಗಡ್ಡೆಗಳಿಂದಲೂ ಊತ ಬರುತ್ತದೆ. ಇವೆಲ್ಲಕ್ಕಿಂತ ಮುಖ್ಯವಾಗಿ ನೆನಪಿಡಬೇಕಾದದ್ದು ಗಂಟಲಮಾರಿ, ಅಂದರೆ ಡಿಫ್ತೀರಿಯಾ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಈ ರೋಗ ಪೂರ್ತಿ ಮಾಯವಾಗಿಲ್ಲ. ಅದರಲ್ಲೂ ಕುತ್ತಿಗೆ ದಪ್ಪಗೆ ಊದಬಹುದು. ಆದರೆ ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟುತ್ತದೆ, ನುಂಗಲು ಉಸಿರಾಡಲು ಕಷ್ಟವಾಗುತ್ತದೆ, ಮಗು ಬಹಳ ಬೇಗ ನಿತ್ರಾಣವಾಗುತ್ತದೆ. ಅದು ಪ್ರಾಣಕ್ಕೆ ಅಪಾಯ. ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆಗೆ ಸೇರಿಸಬೇಕು. ‘ಗದ್ದಬಾವು, ನಾಲ್ಕು ದಿನ ನೋಡೋಣ’ ಎಂದು ಮನೆಯಲ್ಲೇ ಇಟ್ಟುಕೊಂಡರೆ ಆಗುವ ಅತಿ ದೊಡ್ಡ ಅನಾಹುತ ಇದು. ಆದ್ದರಿಂದ ಊತ ಕಂಡ ಕೂಡಲೇ ಒಮ್ಮೆ ವೈದ್ಯರಿಗೆ ತೋರಿಸಿ ಇದು ಮಂಗನಬಾವೇ ಎಂದು ಖಚಿತ ಮಾಡಿಕೊಳ್ಳಬೇಕು.

ಯಾವಾಗ ಆಸ್ಪತ್ರೆಗೆ ಓಡಬೇಕು?

ಮಂಗನಬಾವಿನಿಂದ ಸಾವು ತೀರಾ ಅಪರೂಪ. ಆದರೆ ಕೆಳಗಿನ ಯಾವ ಲಕ್ಷಣ ಕಂಡರೂ ತಡ ಮಾಡಬಾರದು.

1. ತೀವ್ರ ತಲೆನೋವು, ಕುತ್ತಿಗೆ ಬಿಗಿತ, ಮತ್ತೆ ಮತ್ತೆ ವಾಂತಿ, ಮಂಪರು ಅಥವಾ ಫಿಟ್ಸ್. ಮಿದುಳಿನ ಪೊರೆಯ ಬಾವು ಹತ್ತರಲ್ಲಿ ಒಬ್ಬರವರೆಗೆ ಕಾಣಿಸಬಹುದು. ಹೆಚ್ಚಿನವರು ಗುಣವಾಗುತ್ತಾರೆ, ಆದರೆ ವೈದ್ಯರ ನಿಗಾ ಬೇಕು.

2. ಗಂಡುಮಕ್ಕಳಲ್ಲಿ ವೃಷಣದ ನೋವು, ಊತ. ಪ್ರಾಯಕ್ಕೆ ಬಂದ ಮೇಲೆ, ಲಸಿಕೆಯಿಲ್ಲದೆ ರೋಗ ತಗಲಿದವರಲ್ಲಿ ಹತ್ತರಲ್ಲಿ ಮೂವರವರೆಗೆ ಇದು ಬರಬಹುದು. ಸಾಮಾನ್ಯವಾಗಿ ಗದ್ದ ಊದಿದ ಒಂದು ವಾರದ ಒಳಗೆ, ಹೆಚ್ಚಾಗಿ ಒಂದೇ ಬದಿಗೆ. ಕೆಲವರಲ್ಲಿ ಆ ವೃಷಣ ಮುಂದೆ ಸ್ವಲ್ಪ ಕುಗ್ಗುತ್ತದೆ. ಇದರಿಂದ ಮಕ್ಕಳೇ ಆಗುವುದಿಲ್ಲ ಎಂಬ ಹೆದರಿಕೆ ಊರಲ್ಲಿದೆ. ಪೂರ್ತಿ ಬಂಜೆತನ ಅಪರೂಪ. ಆದರೆ ಹೈಸ್ಕೂಲು, ಕಾಲೇಜಿನ ಹುಡುಗರು ನಾಚಿಕೆಯಿಂದ ಇದನ್ನು ಮುಚ್ಚಿಡುತ್ತಾರೆ. ಹಾಸ್ಟೆಲಿನಲ್ಲಿರುವ ಹುಡುಗ ಯಾರಿಗೆ ಹೇಳಿಕೊಳ್ಳಬೇಕು? ವಾರ್ಡನ್ನರು ತಾವಾಗಿಯೇ, ಒಬ್ಬೊಬ್ಬರನ್ನೇ ಕರೆದು ಕೇಳುವುದು ಒಳ್ಳೆಯದು.

3. ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು. ಮೇದೋಜೀರಕ ಗ್ರಂಥಿಯ ಬಾವು ಇರಬಹುದು. ಹುಡುಗಿಯರಲ್ಲಿ ಕಿಬ್ಬೊಟ್ಟೆಯ ನೋವು ಬಂದರೆ ಅಂಡಾಶಯಕ್ಕೆ ತಗಲಿರಬಹುದು.

4. ಕಿವಿ ಕೇಳಿಸದಿರುವುದು, ಕಿವಿಯಲ್ಲಿ ಸದ್ದು, ತಲೆಸುತ್ತು. ಶಾಶ್ವತ ಕಿವುಡು ಸಾವಿರಾರು ರೋಗಿಗಳಲ್ಲಿ ಒಬ್ಬರಿಗೆ ಬರುವಂಥದ್ದು, ಆದರೆ ಒಮ್ಮೆಗೇ ಬರುತ್ತದೆ, ಹೆಚ್ಚಾಗಿ ಒಂದೇ ಕಿವಿಗೆ. ಇನ್ನೊಂದು ಕಿವಿ ಚೆನ್ನಾಗಿರುವುದರಿಂದ ಚಿಕ್ಕ ಮಕ್ಕಳಲ್ಲಿ ತಿಂಗಳುಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. ‘ಹುಡುಗನಿಗೆ ಪಾಠದಲ್ಲಿ ಲಕ್ಷ್ಯವಿಲ್ಲ’ ಎಂದು ಬೈಗುಳ ಮಾತ್ರ ಸಿಗುತ್ತದೆ. ರೋಗ ವಾಸಿಯಾದ ಮೇಲೆ ಮೊಬೈಲನ್ನು ಒಂದು ಕಿವಿಗೆ, ಆಮೇಲೆ ಇನ್ನೊಂದು ಕಿವಿಗೆ ಹಿಡಿದು ಮಗುವಿಗೆ ಎರಡರಲ್ಲೂ ಸರಿಯಾಗಿ ಕೇಳುತ್ತದೆಯೇ ಎಂದು ನೋಡುವುದು ಯಾವ ಖರ್ಚೂ ಇಲ್ಲದ ಪರೀಕ್ಷೆ. ಸಂಶಯವಿದ್ದರೆ ಕಿವಿ ತಜ್ಞರಿಗೆ ತೋರಿಸಬೇಕು.

ಆಳಂದ ಮತ್ತು ಜೇವರ್ಗಿ ಕಲಬುರಗಿ ನಗರದಿಂದ ಸುಮಾರು 40 ಕಿಲೋಮೀಟರು ದೂರ. ಅಫಜಲಪುರ ಇನ್ನೂ ದೂರ. ತಾಲೂಕು ಆಸ್ಪತ್ರೆಯಿಂದ ಮುಂದೆ ಹೋಗಬೇಕಾಗಿ ಬಂದರೆ ಕಲಬುರಗಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಜಿಮ್ಸ್ ಇದೆ. ತುರ್ತಾದರೆ 108 ಆಂಬುಲೆನ್ಸ್ ಕರೆಯಬಹುದು.

ಮನೆಯಲ್ಲಿ ಆರೈಕೆ

ಈ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಆಂಟಿಬಯೋಟಿಕ್ ಮಾತ್ರೆಗಳಿಂದ ಪ್ರಯೋಜನವಿಲ್ಲ. ಜ್ವರ, ನೋವಿಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಊತದ ಮೇಲೆ ತಣ್ಣನೆಯ ಅಥವಾ ಉಗುರುಬೆಚ್ಚಗಿನ ಬಟ್ಟೆ, ಯಾವುದು ಹಿತವೋ ಅದನ್ನು ಇಡಬಹುದು.

ಅಗಿಯುವುದು ಕಷ್ಟವಾದ್ದರಿಂದ ಊಟ ಮೆತ್ತಗಿರಲಿ. ನಮ್ಮಲ್ಲಿ ಗಂಜಿ ಇದೆ. ಕಲಬುರಗಿ ಕಡೆ ಕಟಕ ರೊಟ್ಟಿಯನ್ನು ಬದಿಗಿಟ್ಟು ಜೋಳದ ನುಚ್ಚು, ಅಂಬಲಿ, ಮೆತ್ತಗೆ ಬೇಯಿಸಿದ ಅನ್ನ ಬೇಳೆ ಕೊಡಬಹುದು. ಹುಣಸೆ, ನಿಂಬೆ, ಉಪ್ಪಿನಕಾಯಿ, ಹುಳಿ ಮಜ್ಜಿಗೆ ಕೆಲವು ದಿನ ಬೇಡ. ಅವು ರೋಗ ಹೆಚ್ಚಿಸುವುದಿಲ್ಲ, ಆದರೆ ಜೊಲ್ಲು ಹೆಚ್ಚಿಸಿ ನೋವು ತರುತ್ತವೆ. ನೀರು ಮಾತ್ರ ಧಾರಾಳವಾಗಿ ಕೊಡಬೇಕು. ಬಿಸಿಲು 40 ಡಿಗ್ರಿ ದಾಟುವ ಆ ಊರುಗಳಲ್ಲಿ ನೋವಿಗೆ ಹೆದರಿ ನೀರು ಕುಡಿಯದ ಮಗು ಬೇಗ ಸೊರಗುತ್ತದೆ.

ಸುಣ್ಣ, ಅರಿಶಿನ, ಕೆಮ್ಮಣ್ಣು ಹಚ್ಚುವ ರೂಢಿ ಹಲವು ಕಡೆ ಇದೆ. ತಮಿಳುನಾಡಿನಲ್ಲಿ ಈ ರೋಗಕ್ಕೆ ‘ಪೊನ್ನುಕ್ಕು ವೀಂಗಿ’ ಎಂದು ಹೆಸರು. ಪೊನ್ನು ಎಂದರೆ ಚಿನ್ನ, ಮಗುವಿನ ಕೊರಳಿಗೆ ಚಿನ್ನದ ಸರ ಹಾಕಿದರೆ ಊತ ಇಳಿಯುತ್ತದೆಂಬ ನಂಬಿಕೆ. ಊತ ಹೇಗೂ ವಾರದಲ್ಲಿ ಇಳಿಯುವುದರಿಂದ ಯಾವ ಉಪಾಯ ಮಾಡಿದರೂ ಅದರಿಂದಲೇ ವಾಸಿಯಾಯಿತು ಎನಿಸುತ್ತದೆ. ಸರ ಹಾಕಿದರೆ ಹಾನಿಯಿಲ್ಲ. ಆದರೆ ಸುಣ್ಣದಿಂದ ಎಳೆಯ ಚರ್ಮ ಸುಡುತ್ತದೆ. ಬರೆ ಹಾಕುವುದು ಸರ್ವಥಾ ಕೂಡದು. ಇಂಥ ಆರೈಕೆಯ ಭರವಸೆಯಲ್ಲಿ ವೈದ್ಯರ ಬಳಿ ಹೋಗುವುದನ್ನು ಮುಂದೂಡಬಾರದು.

ಲಸಿಕೆ: ಒಂದಕ್ಷರದ ವ್ಯತ್ಯಾಸ

1963ರಲ್ಲಿ ಅಮೆರಿಕದ ವಿಜ್ಞಾನಿ ಮಾರಿಸ್ ಹಿಲ್ಮನ್ ಅವರ ಐದು ವರ್ಷದ ಮಗಳು ಜೆರಿಲ್ ಲಿನ್‌ಗೆ ಮಂಗನಬಾವು ಬಂತು. ತಂದೆ ಮಗಳ ಗಂಟಲಿನಿಂದ ದ್ರವ ತೆಗೆದು, ಆ ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಮತ್ತು ಕೋಳಿಮರಿಯ ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ದುರ್ಬಲಗೊಳಿಸಿದರು. 1967ರಲ್ಲಿ ಅದು ಲಸಿಕೆಯಾಗಿ ಬಂತು. ಇಂದಿಗೂ ಆ ತಳಿಗೆ ಆ ಹುಡುಗಿಯದೇ ಹೆಸರು. 1971ರಲ್ಲಿ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಎಂ.ಎಂ.ಆರ್. ಲಸಿಕೆ ಬಂತು. ಲಸಿಕೆಗೆ ಮೊದಲು ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,86,000 ಪ್ರಕರಣಗಳು ವರದಿಯಾಗುತ್ತಿದ್ದವು. ಆಮೇಲೆ ಅದು ಶೇಕಡಾ 99ಕ್ಕಿಂತ ಹೆಚ್ಚು ಇಳಿಯಿತು. ಇಂದು 120ಕ್ಕೂ ಹೆಚ್ಚು ದೇಶಗಳು ಈ ಲಸಿಕೆಯನ್ನು ತಮ್ಮ ರಾಷ್ಟ್ರೀಯ ಪಟ್ಟಿಯಲ್ಲಿ ಸೇರಿಸಿವೆ.

ಭಾರತದ ಪಟ್ಟಿಯಲ್ಲಿ ಇರುವುದು ಎಂ.ಆರ್. ಲಸಿಕೆ. ಇದರಲ್ಲಿ ದಡಾರ (ಉತ್ತರ ಕರ್ನಾಟಕದಲ್ಲಿ ಗೊಬ್ಬರ ಎನ್ನುತ್ತಾರೆ) ಮತ್ತು ರುಬೆಲ್ಲಾ ಮಾತ್ರ ಇವೆ. 2017ರ ಫೆಬ್ರವರಿಯಲ್ಲಿ ದೊಡ್ಡ ಅಭಿಯಾನದೊಂದಿಗೆ ಇದು ಆರಂಭವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳ ಒಳಗೆ ಇನ್ನೊಂದು ಡೋಸ್ ಉಚಿತವಾಗಿ ಕೊಡುತ್ತಾರೆ. ಇದು ಅತ್ಯಂತ ಅಗತ್ಯದ ಲಸಿಕೆ, ಏಕೆಂದರೆ ದಡಾರ ಮಂಗನಬಾವಿಗಿಂತ ಬಹುಪಾಲು ಮಾರಕ. ಆದರೆ ತಾಯಿ ಕಾರ್ಡಿನಲ್ಲಿ ಎಲ್ಲ ಗುರುತು ಬಿದ್ದಿದ್ದರೂ ಮಂಗನಬಾವಿನಿಂದ ರಕ್ಷಣೆ ಸಿಕ್ಕಿತೆಂದು ಅರ್ಥವಲ್ಲ. ಎಂ.ಆರ್. ಬೇರೆ, ಎಂ.ಎಂ.ಆರ್. ಬೇರೆ.

ಇದರ ಪರಿಣಾಮವನ್ನು ನಮ್ಮ ನೆರೆಯಲ್ಲೇ ಕಂಡೆವು. 2024ರ ಆರಂಭದಲ್ಲಿ ಕೇರಳದಲ್ಲಿ ಸಾವಿರಾರು ಮಕ್ಕಳಿಗೆ ಮಂಗನಬಾವು ತಗಲಿತು. ಮಾರ್ಚ್ 10ರ ಒಂದೇ ದಿನ 190 ಪ್ರಕರಣಗಳು ದಾಖಲಾದವು. ಹೆಚ್ಚಿನವು ಮಲಪ್ಪುರಂ ಮತ್ತು ಉತ್ತರ ಕೇರಳದಲ್ಲಿ. ಕಾಸರಗೋಡು ಗಡಿಯಾಚೆಗಿನ ನಮ್ಮದೇ ಅಂಗಳ. ಆಸ್ಪತ್ರೆಗಳೂ ಸಾಕ್ಷರತೆಯೂ ಹೆಚ್ಚಿರುವ ಕೇರಳದಲ್ಲೇ ಹೀಗಾದರೆ, ಆಳಂದದ ತಾಂಡಾದ ಮಗುವಿನ ಪಾಡು ಯೋಚಿಸಬೇಕಾದ್ದು.

ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯು 9 ತಿಂಗಳು, 15 ತಿಂಗಳು ಮತ್ತು 4ರಿಂದ 6 ವರ್ಷದ ನಡುವೆ ಎಂ.ಎಂ.ಆರ್. ಕೊಡಿಸಲು ಸಲಹೆ ನೀಡುತ್ತದೆ. ಪುಣೆಯ ಸೀರಂ ಸಂಸ್ಥೆಯೂ ಈ ಲಸಿಕೆಯನ್ನು ತಯಾರಿಸುತ್ತದೆ. ಖಾಸಗಿ ಆಸ್ಪತ್ರೆಗಳಲ್ಲಿ ಹಣ ಕೊಟ್ಟು ಹಾಕಿಸಬೇಕು. ಸರ್ಕಾರಿ ಕೇಂದ್ರದಲ್ಲಿ ಎಂ.ಆರ್. ಪಡೆದ ಮಗುವಿಗೂ ಎಂ.ಎಂ.ಆರ್. ಕೊಡಿಸಬಹುದು. ಎಷ್ಟು ಡೋಸ್, ಯಾವಾಗ ಎಂಬುದನ್ನು ತಾಯಿ ಕಾರ್ಡ್ ತೋರಿಸಿ ಮಕ್ಕಳ ವೈದ್ಯರನ್ನು ಕೇಳಬೇಕು. ಗರ್ಭಿಣಿಯರು, ರೋಗನಿರೋಧಕ ಶಕ್ತಿ ತೀರಾ ಕುಂದಿದವರು ಈ ಲಸಿಕೆ ತೆಗೆದುಕೊಳ್ಳಬಾರದು.

ಮಂಗನಬಾವಿನ ವಿರುದ್ಧ ಎರಡು ಡೋಸ್ ಸುಮಾರು ಶೇಕಡಾ 88ರಷ್ಟು ರಕ್ಷಣೆ ಕೊಡುತ್ತವೆ, ಒಂದೇ ಡೋಸ್ ಅದಕ್ಕಿಂತ ಕಡಿಮೆ. ಲಸಿಕೆ ಪಡೆದ ಕೆಲವರಿಗೂ ರೋಗ ಬರುವುದುಂಟು. 2006ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ನಡುವೆ ಹಾಗಾಯಿತು. ಒತ್ತಾಗಿ ಬದುಕುವ ಹಾಸ್ಟೆಲುಗಳಲ್ಲಿ ವೈರಸ್ಸಿಗೆ ಅವಕಾಶ ಹೆಚ್ಚು. ಆದರೆ ಲಸಿಕೆ ಪಡೆದವರಲ್ಲಿ ತೊಡಕುಗಳು ಕಡಿಮೆ. ಈ ಲಸಿಕೆಯಿಂದ ಆಟಿಸಂ ಬರುತ್ತದೆಂದು 1998ರಲ್ಲಿ ಹಬ್ಬಿದ ಬರಹವನ್ನು ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ. ವಾಟ್ಸಾಪಿನಲ್ಲಿ ಅದು ಇನ್ನೂ ಸುತ್ತುತ್ತಿದ್ದರೆ ನಂಬಬೇಕಾಗಿಲ್ಲ.

ನಾವು ಮಾಡಬಹುದಾದದ್ದು

ತಂದೆತಾಯಿಯರು: ಊತ ಬಂದ ದಿನದಿಂದ ಐದು ದಿನ ಮಗುವನ್ನು ಶಾಲೆ, ಕ್ರೈಸ್ತ ಶಿಕ್ಷಣ ತರಗತಿ, ಬಲಿಪೂಜೆ, ಮದುವೆಮನೆಗೆ ಕಳುಹಿಸಬೇಡಿ. ಲೋಟ, ತಟ್ಟೆ, ಟವೆಲು ಬೇರೆ ಇಡಿ. ಹುಷಾರಿಲ್ಲದ ಮಗು ಭಾನುವಾರ ಮನೆಯಲ್ಲಿ ಉಳಿದರೆ ಅದು ಕರ್ತವ್ಯಲೋಪವಲ್ಲ, ಪರರ ಮಕ್ಕಳ ಮೇಲಿನ ಪ್ರೀತಿ.

ಶಿಕ್ಷಕರು: ಐದು ದಿನದ ಗೈರುಹಾಜರಿಗೆ ದಂಡಿಸಬೇಡಿ. ದಂಡದ ಭಯವಿದ್ದರೆ ಪೋಷಕರು ಊತಕ್ಕೆ ಮಫ್ಲರ್ ಸುತ್ತಿ ಮಗುವನ್ನು ಕಳುಹಿಸುತ್ತಾರೆ. ಪರೀಕ್ಷೆಯ ಸಮಯದಲ್ಲಿ ಮುಖ್ಯೋಪಾಧ್ಯಾಯರು ಮುಂಚಿತವಾಗಿ ವೈದ್ಯರನ್ನೂ ಪೋಷಕರನ್ನೂ ಸೇರಿಸಿ ದಾರಿ ಯೋಚಿಸಲಿ.

ವಸತಿನಿಲಯದವರು: ಒಂದು ಕೋಣೆಯನ್ನು ಅನಾರೋಗ್ಯದ ಮಕ್ಕಳಿಗಾಗಿ ಮೀಸಲಿಡಿ. ನೀರಿನ ಕೊಡಕ್ಕೆ ಒಂದೇ ಲೋಟ ಕಟ್ಟಿಡುವ ಪದ್ಧತಿ ಬಿಡಿ. ಹೊಸ ಮಕ್ಕಳನ್ನು ಸೇರಿಸಿಕೊಳ್ಳುವಾಗ ತಾಯಿ ಕಾರ್ಡ್ ನೋಡಿ. ಎರಡು ಮೂರು ಪ್ರಕರಣ ಒಟ್ಟಿಗೆ ಕಂಡರೆ ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಸುದ್ದಿ ಹೊರಗೆ ಹೋದರೆ ಸಂಸ್ಥೆಯ ಹೆಸರು ಕೆಡುತ್ತದೆ ಎಂಬ ಅಂಜಿಕೆ ಬೇಡ.

ವಾಳೆಯ ಗುರಿಕಾರರು, ಸ್ತ್ರೀ ಸಂಘಟನೆಯವರು: ನಿಮ್ಮ ವಾಳೆಯ ವ್ಯಾಪ್ತಿಯಲ್ಲಿ ಶೆಡ್ಡು ಹಾಕಿಕೊಂಡು ಕೂಲಿ ಮಾಡುವ ಉತ್ತರ ಕರ್ನಾಟಕದ ಕುಟುಂಬಗಳಿದ್ದರೆ ಒಮ್ಮೆ ಭೇಟಿ ಕೊಡಿ. ಅಲ್ಲಿನ ಮಕ್ಕಳಿಗೆ ಉಚಿತವಾದ ಎಂ.ಆರ್. ಲಸಿಕೆಯಾದರೂ ಆಗಿದೆಯೇ ಎಂದು ಅಂಗನವಾಡಿಯ ಮೂಲಕ ವಿಚಾರಿಸಿ. ಬಡ ಮಗುವಿಗೆ ಎಂ.ಎಂ.ಆರ್. ಕೊಡಿಸುವ ಖರ್ಚು ಒಂದು ಸಣ್ಣ ಹಬ್ಬದ ಪಟಾಕಿಯ ಖರ್ಚಿಗಿಂತ ಹೆಚ್ಚಲ್ಲ. ಹುಟ್ಟುಹಬ್ಬ, ವಿವಾಹ ವಾರ್ಷಿಕೋತ್ಸವದಂದು ದಾನ ಮಾಡಬಯಸುವವರು ಇದನ್ನೂ ಯೋಚಿಸಬಹುದು.

ಮಂಗನಬಾವಿನ ಲಸಿಕೆ ಸರ್ಕಾರಿ ಪಟ್ಟಿಗೆ ಸೇರಬೇಕೆಂಬುದು ಮಕ್ಕಳ ವೈದ್ಯರ ಬಹುದಿನದ ಬೇಡಿಕೆ. ಅದು ಈಡೇರುವವರೆಗೆ ಹಣವಿದ್ದವರ ಮಗುವಿಗೆ ರಕ್ಷಣೆ, ಇಲ್ಲದವರ ಮಗುವಿಗೆ ಅದೃಷ್ಟ ಎಂಬ ಸ್ಥಿತಿ ಉಳಿಯುತ್ತದೆ. ವೈರಸ್ ಮಾತ್ರ ಈ ಭೇದ ಮಾಡುವುದಿಲ್ಲ. ಜೇವರ್ಗಿಯ ಮಗು ಸುರಕ್ಷಿತವಾದರೆ ಅದರ ಪಕ್ಕದ ಬೆಂಚಿನಲ್ಲಿ ಕುಳಿತ ನಮ್ಮ ಮಗುವೂ ಸುರಕ್ಷಿತ. ಈ ವಾರ ಪ್ರತಿಯೊಂದು ಮನೆಯಲ್ಲೂ ಮಕ್ಕಳ ತಾಯಿ ಕಾರ್ಡನ್ನು ಪೆಟ್ಟಿಗೆಯಿಂದ ಹೊರತೆಗೆದು ಒಮ್ಮೆ ಓದಿ ನೋಡಿ ಎಂದು ನಮ್ಮ ವಿನಂತಿ.